ಪಟ್ಟಿಗಳಾದವು, ನಂಟಿನ ಅಧ್ಯಯನ ಯಾವಾಗ? ಜೀವವೈವಿಧ್ಯ ಮತ್ತು ಜನರ ಯೋಗಕ್ಷೇಮದ ಸಂಶೋಧನೆ ಕುರಿತು ರಾಜ್ಯ ಸರ್ಕಾರಕ್ಕೆ ಬಹಿರಂಗ ಪತ್ರ

ಗೆ,
ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ,
ಹಾಗೂ ಕರ್ನಾಟಕ ಜೀವವೈವಿಧ್ಯ ಮಂಡಳಿಯ ಮುಖ್ಯಸ್ಥರಿಗೆ.

ಮಾನ್ಯರೇ,

ನಾನು ಮಲೆನಾಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು. ಒಂದೇ ವಿಷಯವನ್ನು ನಾಲ್ಕು ಕಚೇರಿಗಳ ಮುಂದೆ ಒಟ್ಟಿಗೆ ಇಡಬೇಕಾಗಿರುವುದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಬಿಡಿಬಿಡಿಯಾಗಿ ಬರೆದಿದ್ದರೆ ಪ್ರತಿಯೊಬ್ಬರೂ ಇದು ಇನ್ನೊಂದು ಇಲಾಖೆಗೆ ಸೇರಿದ್ದು ಎಂದು ಷರಾ ಬರೆಯುವ ಸಾಧ್ಯತೆಯಿತ್ತು. ಹಾಗೆ ಬರೆದಿದ್ದರೆ ಅದು ತಪ್ಪೂ ಆಗುತ್ತಿರಲಿಲ್ಲ, ಏಕೆಂದರೆ ತೊಂದರೆ ಇರುವುದೇ ಇಲಾಖೆಗಳ ನಡುವಿನ ಜಾಗದಲ್ಲಿ.

ಕರ್ನಾಟಕದ ಜೀವವೈವಿಧ್ಯದ ಬಗ್ಗೆ ಮಾಹಿತಿಯೇ ಇಲ್ಲ ಎಂದು ಯಾರೂ ಹೇಳಲಾರರು. ಪಶ್ಚಿಮ ಘಟ್ಟದ ಕಪ್ಪೆ, ಮೀನು, ಚಿಟ್ಟೆ, ಮರಗಿಡಗಳ ಮೇಲೆ ದಶಕಗಳ ಕೆಲಸ ನಡೆದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ, ಊರಿನ ಜೀವಿಗಳನ್ನು ಪಟ್ಟಿ ಮಾಡಿಡುವ ಜನತಾ ಜೀವವೈವಿಧ್ಯ ದಾಖಲಾತಿಗಳಿವೆ. ಇನ್ನೊಂದು ಕಡೆ ಜನರ ಬದುಕಿನ ಬಗೆಗೂ ಮಾಹಿತಿ ಧಾರಾಳವಾಗಿದೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಜಾನುವಾರು ಗಣತಿ, ಬೆಳೆ ಸಮೀಕ್ಷೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವಹಿಗಳು. ಈ ಎರಡು ಬಗೆಯ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವ ಜೀವಿಯ ಇರವು ಅಥವಾ ಅಳಿವು ಯಾರ ಆರೋಗ್ಯವನ್ನು, ಯಾರ ಊಟವನ್ನು, ಯಾರ ದುಡಿಮೆಯನ್ನು ಹೇಗೆ ತಟ್ಟುತ್ತದೆ ಎಂದು ಕೇಳುವ ವ್ಯವಸ್ಥಿತ ಸಂಶೋಧನೆ ಮಾತ್ರ ನಮ್ಮಲ್ಲಿ ತೀರಾ ಕಡಿಮೆ. ‘ಜೀವವೈವಿಧ್ಯ ಉಳಿದರೆ ಮನುಷ್ಯ ಉಳಿಯುತ್ತಾನೆ’ ಎಂಬ ಮಾತನ್ನು ವಿಶ್ವ ಪರಿಸರ ದಿನದ ಫಲಕಗಳಲ್ಲಿ ಬರೆದು ಮುಗಿಸಿದ್ದೇವೆ. ಅದು ಎಲ್ಲಿ ನಿಜ, ಎಷ್ಟರ ಮಟ್ಟಿಗೆ ನಿಜ, ಎಲ್ಲಿ ನಿಜವಲ್ಲ ಎಂಬುದನ್ನು ಪರೀಕ್ಷಿಸಿ ನೋಡಿಲ್ಲ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಇಂದು ಶಿವಮೊಗ್ಗ ಜಿಲ್ಲೆಯನ್ನು ದಾಟಿ ಚಾಮರಾಜನಗರ, ವಯನಾಡು, ಗೋವಾ, ಮಹಾರಾಷ್ಟ್ರದವರೆಗೂ ಕಾಣಿಸಿಕೊಂಡಿದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಏನು ಮಾಡಿತೆಂಬುದು ನಿಮ್ಮ ಕಡತಗಳಲ್ಲೇ ಇದೆ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಈಗ ಕಾಡಂಚಿನ ಜನರ ಕೈಯಲ್ಲಿರುವುದು ಮೈಗೆ ಹಚ್ಚಿಕೊಳ್ಳುವ ಎಣ್ಣೆ, ಮೈತುಂಬ ಬಟ್ಟೆ ಮತ್ತು ಎಚ್ಚರಿಕೆ.

ಈ ರೋಗದ ಹರಡುವಿಕೆಯಲ್ಲಿ ಹಲವು ಜೀವಿಗಳ ಪಾತ್ರವಿದೆ. ರೋಗವನ್ನು ಹರಡುವುದು ರಕ್ತ ಹೀರುವ ಉಣುಗು (ಉಣ್ಣಿ). ಅದರ ಮರಿ ಹಂತಗಳು ಇಲಿ, ಮೂಗಿಲಿ, ಅಳಿಲು, ನೆಲದ ಮೇಲೆ ಮೇಯುವ ಹಕ್ಕಿಗಳ ರಕ್ತ ಕುಡಿದು ಬೆಳೆಯುತ್ತವೆ. ಬೆಳೆದ ಉಣುಗು ದನದ ಮೈಯನ್ನು ಹಿಡಿಯುತ್ತದೆ. ದನಕ್ಕೆ ರೋಗ ಬರುವುದಿಲ್ಲ, ಆದರೆ ಉಣುಗಿನ ಸಂತತಿ ಹೆಚ್ಚಲು ಅದು ಆಸರೆಯಾಗುತ್ತದೆ. ಕೆಂಪು ಮೂತಿಯ ಮಂಗಗಳು ಮತ್ತು ಮುಸಿಯಗಳು (ಕಪ್ಪು ಮೂತಿಯ ಲಂಗೂರ್) ಸೋಂಕು ತಗುಲಿ ಸತ್ತಾಗ ಅವುಗಳ ಮೈಮೇಲಿನ ಉಣುಗುಗಳು ಕೆಳಗುದುರಿ ಆ ಜಾಗವೇ ಅಪಾಯದ ತಾಣವಾಗುತ್ತದೆ. ಕಾಡು ಕಡಿದು ತೆರವಾದ ಜಾಗದಲ್ಲಿ ಪೊದೆ ಬೆಳೆದು ದನಗಳ ಓಡಾಟ ಹೆಚ್ಚಿದ್ದಕ್ಕೂ ಈ ರೋಗಕ್ಕೂ ಸಂಬಂಧವಿರಬಹುದು ಎಂದು ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲೇ ಬರೆದಿದ್ದರು. ಅದಾಗಿ ಅರ್ಧ ಶತಮಾನ ಕಳೆದ ಮೇಲೆ, 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಶಿವಮೊಗ್ಗ ಜಿಲ್ಲೆಯ ಮಾಹಿತಿಯನ್ನು ಇಟ್ಟುಕೊಂಡು, ಕಾಡು ಮತ್ತು ತೋಟ ಬೆರೆತಿರುವ, ತೇವದ ನಿತ್ಯಹರಿದ್ವರ್ಣ ಕಾಡು ಹೆಚ್ಚಾಗಿರುವ, ನಾಟಿ ದನಗಳು ಹೆಚ್ಚಿರುವ ಪ್ರದೇಶಗಳಲ್ಲಿ ಅಪಾಯವೂ ಹೆಚ್ಚು ಎಂದು ತೋರಿಸಿದರು.

ಇದು ಕಾಡಿನ ಅಭಿಮಾನಿಗಳಾದ ನಮಗೆ ಅಷ್ಟೇನೂ ಹಿತವಾದ ಫಲಿತಾಂಶವಲ್ಲ. ಜೀವವೈವಿಧ್ಯ ಹೆಚ್ಚಿದ್ದಲ್ಲಿ ರೋಗಾಣು ಹಲವು ಪ್ರಾಣಿಗಳಲ್ಲಿ ಚದುರಿ ಮನುಷ್ಯನಿಗೆ ತಗುಲುವ ಸಂಭವ ಕಡಿಮೆಯಾಗುತ್ತದೆ ಎಂಬ ವಾದವೊಂದಿದೆ. ಅಮೆರಿಕದಲ್ಲಿ ಉಣುಗಿನಿಂದಲೇ ಹರಡುವ ಲೈಮ್ ರೋಗದ ಅಧ್ಯಯನದಿಂದ ಹುಟ್ಟಿದ ಆ ವಾದವನ್ನು ನಮ್ಮ ಕಡೆಯ ಭಾಷಣಗಳಲ್ಲಿ ಸಲೀಸಾಗಿ ಎತ್ತಿ ಹೇಳಲಾಗುತ್ತಿದೆ. ಮಲೆನಾಡಿನಲ್ಲಿ ಅದು ಹೊಂದುತ್ತದೆಯೇ? ಅಖಂಡ ಕಾಡಿನ ಒಳಗೆ, ಒಡೆದ ಕಾಡಿನ ಅಂಚಿನಲ್ಲಿ, ಅಕೇಶಿಯಾ ನೆಡುತೋಪಿನಲ್ಲಿ, ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟದಲ್ಲಿ ಒಂದೇ ಋತುವಿನಲ್ಲಿ ಒಂದೇ ವಿಧಾನದಿಂದ ಉಣುಗು ಹಿಡಿದು, ಸಣ್ಣ ಸಸ್ತನಿಗಳನ್ನು ಎಣಿಸಿ, ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಮಾತ್ರ ಉತ್ತರ ಸಿಗುತ್ತದೆ. ರೋಗ ಬಂದ ವರ್ಷ ತಂಡ ಬಂದು, ಮಾದರಿ ಒಯ್ದು, ಮರುವರ್ಷ ಪ್ರಕರಣ ಇಳಿದೊಡನೆ ಹಣವೂ ಇಳಿದುಹೋಗುವ ಪದ್ಧತಿಯಿಂದ ಈ ಪ್ರಶ್ನೆಗೆ ಎಂದಿಗೂ ಉತ್ತರ ಬರುವುದಿಲ್ಲ.

ಸೊಪ್ಪಿನ ಬೆಟ್ಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಕೇಳುತ್ತಿರುವ ಸಂಶೋಧನೆ ಎಂಥದು ಎನ್ನುವುದು ಅಲ್ಲೇ ಸ್ಪಷ್ಟವಾಗುತ್ತದೆ. ಸಿರಸಿ, ಸಿದ್ದಾಪುರ, ಸಾಗರದ ಕಡೆಯ ಅಡಿಕೆ ತೋಟ ನಿಂತಿರುವುದೇ ಅದರ ಮೇಲಿನ ಬೆಟ್ಟದ ಬಲದಲ್ಲಿ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯ ಕೊಟ್ಟಿದ್ದರು. ಮತ್ತಿ, ಹೊನ್ನೆ, ನಂದಿ, ನೇರಳೆ ಮರಗಳ ಹಸಿ ಸೊಪ್ಪನ್ನೂ ಬೇಸಿಗೆಯಲ್ಲಿ ಗುಡಿಸಿ ತಂದ ದರಕನ್ನೂ (ಉದುರಿದ ಒಣ ಎಲೆ) ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲದೊಂದಿಗೆ ಗೊಬ್ಬರ ಮಾಡಿ ತೋಟಕ್ಕೆ ಹಾಕುವ ಕ್ರಮ ಇಂದಿಗೂ ಇದೆ. ಉಣುಗಿನ ಮರಿಗಳು ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದೂ ಅದೇ ಬೇಸಿಗೆಯಲ್ಲಿ, ಅದೇ ದರಕಿನ ನಡುವೆ. ಹೆಡಿಗೆ ತುಂಬಿ ದರಕು ಹೊತ್ತು ತರುವ ಕೂಲಿಯವರ ಕತ್ತು, ಬೆನ್ನು, ತೋಳಿಗೆ ಉಣುಗು ಹತ್ತುತ್ತದೆ. ಹಾಗೆ ಬಂದ ದರಕು ಕೊಟ್ಟಿಗೆಗೆ ಬೀಳುತ್ತದೆ. ಅಲ್ಲಿ ದನವಿದೆ, ಪಕ್ಕದಲ್ಲಿ ಮನೆಯಿದೆ.

ಹೀಗೆ ಒಂದೇ ಬೆಟ್ಟ ತೋಟದ ಮಾಲೀಕನಿಗೆ ಗೊಬ್ಬರವನ್ನೂ, ತೋಟಕ್ಕಿಳಿಯುವ ಹಳ್ಳಕ್ಕೆ ನೀರನ್ನೂ, ಕೂಲಿಯವರಿಗೆ ದುಡಿಮೆಯನ್ನೂ ಕೊಡುತ್ತದೆ; ಜ್ವರದ ಅಪಾಯವನ್ನು ಮಾತ್ರ ಹೆಚ್ಚಾಗಿ ಕೂಲಿಯವರಿಗೇ ಹಂಚುತ್ತದೆ. ಹಲವು ಜಾತಿಯ ಮರಗಳಿರುವ ಬೆಟ್ಟದ ದರಕಿಗೂ ಬರೀ ಅಕೇಶಿಯಾದ ಎಲೆಗೂ ಗೊಬ್ಬರದ ಗುಣದಲ್ಲಿ ಎಷ್ಟು ವ್ಯತ್ಯಾಸವಿದೆ? ಉಣುಗಿನ ಸಂಖ್ಯೆಯಲ್ಲಿ ಎಷ್ಟು? ದರಕನ್ನು ಬಿಸಿಲಿಗೆ ಹರವಿ ಒಣಗಿಸಿ ತಂದರೆ, ಅಥವಾ ಗುಡಿಸುವ ತಿಂಗಳನ್ನೇ ಹಿಂದಕ್ಕೆ ಹಾಕಿದರೆ ಅಪಾಯ ಇಳಿಯುತ್ತದೆಯೇ, ಗೊಬ್ಬರ ಕೆಡುತ್ತದೆಯೇ? ಇವು ಯಾವುದೋ ದೂರದ ಪ್ರಯೋಗಾಲಯ ಕೇಳುವ ಪ್ರಶ್ನೆಗಳಲ್ಲ, ಪ್ರತಿ ಜನವರಿಯಲ್ಲಿ ಊರವರೇ ಕೇಳುವ ಪ್ರಶ್ನೆಗಳು. ಉತ್ತರಿಸಬೇಕಾದರೆ ಸಸ್ಯಶಾಸ್ತ್ರಜ್ಞ, ಕೀಟತಜ್ಞ, ವೈರಾಣುತಜ್ಞ, ಪಶುವೈದ್ಯ, ಮಣ್ಣು ತಜ್ಞ ಮತ್ತು ಕೂಲಿ ಸಂಬಂಧಗಳನ್ನು ಬಲ್ಲ ಸಮಾಜಶಾಸ್ತ್ರಜ್ಞ ಒಂದೇ ಬೆಟ್ಟದ ಬುಡದಲ್ಲಿ ನಿಲ್ಲಬೇಕು. ಇವತ್ತಿನ ಅನುದಾನದ ನಿಯಮಗಳಲ್ಲಿ ಅವರು ಆರು ಬೇರೆ ಬೇರೆ ಬಾಗಿಲುಗಳಲ್ಲಿ ನಿಂತಿದ್ದಾರೆ.

ಇಲಾಖೆಗಳ ದಾಖಲೆ ಒಟ್ಟಿಗೆ ಸೇರಿದರೆ ಏನು ತಿಳಿಯಬಹುದು ಎನ್ನುವುದಕ್ಕೆ ರಣಹದ್ದಿನ ಉದಾಹರಣೆ ಸಾಕು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕದಿಂದ ದೇಶದ ರಣಹದ್ದುಗಳು ಸಾಯುತ್ತಿವೆ ಎಂದು ಖಚಿತವಾಗುವಷ್ಟರಲ್ಲಿ ಹೆಚ್ಚಿನವು ಸತ್ತುಹೋಗಿದ್ದವು. ಬಿಳಿ ಬೆನ್ನಿನ ರಣಹದ್ದಿನ ಸಂಖ್ಯೆ 1992 ಮತ್ತು 2007ರ ನಡುವೆ ಶೇ 99ಕ್ಕಿಂತ ಹೆಚ್ಚು ಕುಸಿಯಿತು. ಪಶುವೈದ್ಯಕೀಯ ಬಳಕೆಗೆ ನಿಷೇಧ ಬಂದದ್ದು 2006ರಲ್ಲಿ. ನಮ್ಮಲ್ಲಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಆದರೆ ಹದ್ದು ಹೋದದ್ದರಿಂದ ಮನುಷ್ಯರಿಗೆ ಏನಾಯಿತು ಎಂಬ ಲೆಕ್ಕ ಬಂದದ್ದು 2024ರಲ್ಲಿ. ಅರ್ಥಶಾಸ್ತ್ರಜ್ಞರಾದ ಇಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಹಿಂದೆ ರಣಹದ್ದು ಹೆಚ್ಚಾಗಿದ್ದ ಜಿಲ್ಲೆಗಳ ಸಾವಿನ ಪ್ರಮಾಣವನ್ನು ಉಳಿದ ಜಿಲ್ಲೆಗಳ ಜೊತೆ ಹೋಲಿಸಿ, 2000ದಿಂದ 2005ರ ಅವಧಿಯಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳಾಗಿರಬಹುದೆಂದು ಅಂದಾಜಿಸಿದರು. ಕೊಳೆಯುವ ಹೆಣಗಳು, ಕೆಟ್ಟ ನೀರು, ಹೆಚ್ಚಿದ ಬೀದಿನಾಯಿಗಳು ಅವರು ಮುಂದಿಟ್ಟ ಕಾರಣಗಳು. ಸಾವಿನ ಲೆಕ್ಕವೂ ಹದ್ದಿನ ನೆಲೆಯ ಮಾಹಿತಿಯೂ ಮೊದಲಿನಿಂದ ಬೇರೆ ಬೇರೆ ಕಡೆ ಇದ್ದೇ ಇದ್ದವು. ಸೇರಿಸಿ ಓದುವವರು ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಇನ್ನು ಊಟದ ವಿಷಯ. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ರಾಗಿ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರು ಅಣ್ಣೆ, ಗಣಿಕೆ, ಹೊನಗನ್ನೆ, ಕೀರೆ, ಗೋಣಿ ಸೊಪ್ಪುಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದು ಬೆರಕೆ ಸೊಪ್ಪಿನ ಸಾರು, ಮಸ್ಸೊಪ್ಪು ಮಾಡುವುದು ಹೊಸದಲ್ಲ. ಬೀಜ ಬಿತ್ತದೆ, ದುಡ್ಡು ಕೊಡದೆ ಬರುವ ಈ ಆಹಾರ ಯಾವ ಬೆಳೆ ಸಮೀಕ್ಷೆಯಲ್ಲೂ ಬರುವುದಿಲ್ಲ. ರಾಜ್ಯದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಸಿರು ಸೊಪ್ಪು ಎಷ್ಟು ದಿನಕ್ಕೊಮ್ಮೆ ತಿನ್ನುತ್ತೀರಿ ಎಂದೂ ಅದೇ ಸಮೀಕ್ಷೆ ಕೇಳುತ್ತದೆ. ಯಾವ ಸೊಪ್ಪು, ಎಲ್ಲಿಂದ ಬಂದದ್ದು ಎಂದು ಕೇಳುವುದಿಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಎಷ್ಟು ಬಗೆಯ ಸೊಪ್ಪು ಉಳಿಯುತ್ತದೆ, ರಾಗಿ ಹೋಗಿ ನೀಲಗಿರಿ ತೋಪು ಅಥವಾ ಬಡಾವಣೆ ಬಂದ ಊರಿನಲ್ಲಿ ಅದೇ ಮನೆಯ ತಟ್ಟೆ ಹೇಗೆ ಬದಲಾಗುತ್ತದೆ, ಸಂತೆಯಲ್ಲಿ ಕೊಂಡ ದಂಟಿನ ಸೊಪ್ಪು ಆ ಜಾಗವನ್ನು ತುಂಬುತ್ತದೆಯೇ ಎಂಬುದನ್ನು ರಕ್ತಪರೀಕ್ಷೆಯ ಜೊತೆ ಸೇರಿಸಿ ನೋಡಿದರೆ ಮಾತ್ರ ಈ ಸೊಪ್ಪುಗಳ ನಿಜವಾದ ಬೆಲೆ ತಿಳಿಯುತ್ತದೆ. ತಿಳಿದ ಮೇಲೆ ಅದು ನಾವಂದುಕೊಂಡದ್ದಕ್ಕಿಂತ ಕಡಿಮೆ ಎಂದು ಬಂದರೆ ಅದನ್ನೂ ಒಪ್ಪೋಣ.

ಕೊಡಗಿನ ಕಾಫಿಯಲ್ಲಿ ಕೆಲಸ ಸ್ವಲ್ಪ ಮುಂದೆ ಹೋಗಿದೆ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ; ಗಾಳಿಯ ಜೊತೆಗೆ ಜೇನಿನ ನೆರವೂ ಬೇಕು, ಅದರಲ್ಲೂ ಹೆಜ್ಜೇನಿನ ಪಾಲು ದೊಡ್ಡದು ಎಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ಆದರೆ 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ರೋಗ ತುಡುವೆ ಜೇನಿನ ಕುಟುಂಬಗಳನ್ನು ದಕ್ಷಿಣ ಭಾರತದಲ್ಲಿ ಬಹುಪಾಲು ಅಳಿಸಿಹಾಕಿದಾಗ ತೋಟಗಳ ಫಸಲಿಗೆ, ಜೇನು ಸಾಕಿ ಬದುಕುತ್ತಿದ್ದ ಮನೆಗಳಿಗೆ ಎಷ್ಟು ಪೆಟ್ಟಾಯಿತು ಎಂಬ ಸಮಗ್ರ ಲೆಕ್ಕವನ್ನು ಯಾರಾದರೂ ಆಗಲೇ ಇಡುತ್ತಿದ್ದರೆ ಇಂದು ಅದರಿಂದ ಕಲಿಯುವುದು ಬಹಳವಿತ್ತು. ನಾಡಮರಗಳ ನೆರಳು ಹೋಗಿ ಸಿಲ್ವರ್ ಓಕ್ ಬರುತ್ತಿರುವ ಈ ಹೊತ್ತಿನಲ್ಲಿ ಆ ಲೆಕ್ಕವನ್ನು ಮುಂಚಿತವಾಗಿಯೇ ಶುರುಮಾಡಬಹುದು.

ನಗರದ ಬಗ್ಗೆ ಒಂದೇ ಮಾತು. ಬೆಂಗಳೂರಿನಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿರುವುದನ್ನು ಅಳೆದು ತೋರಿಸಿತು. ಅಮೂಲ್ಯವಾದ ಕೆಲಸ. ಆದರೆ ಅದು ಮರದ ನೆರಳಿನ ಲಾಭ. ಮರಗಳ ವೈವಿಧ್ಯದ ಲಾಭ ಬೇರೆ ಪ್ರಶ್ನೆ. ಒಂದೇ ಜಾತಿಯ ಸಾಲುಮರವೂ ನೆರಳು ಕೊಡುತ್ತದೆ. ‘ಹಸಿರು ಒಳ್ಳೆಯದು’ ಎಂಬ ಪುರಾವೆಯನ್ನು ‘ವೈವಿಧ್ಯ ಒಳ್ಳೆಯದು’ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸುವ ಅಭ್ಯಾಸ ವರದಿಗಳಲ್ಲಿ ಬಹಳವಿದ್ದು, ಅನುದಾನ ಕೊಡುವವರು ಅದನ್ನು ಮೊದಲ ಪುಟದಲ್ಲೇ ಪ್ರಶ್ನಿಸಬೇಕು.

ಯಾರನ್ನು ಕೇಳಿ ಸಂಶೋಧನೆ ಮಾಡಬೇಕು ಎನ್ನುವುದೂ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಎಂಬ ಕಳೆಪೊದೆ ಹಬ್ಬಿತು, ನೆಲ್ಲಿಮರಗಳ ಮೇಲೆ ಉಪ್ಪಿಲು (ಬಂದಳಕ) ಹೆಚ್ಚಿತು ಎಂದು ಬಹಳ ಹಿಂದಿನಿಂದ ಹೇಳುತ್ತಿದ್ದರು. ಅಲ್ಲಿ 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಇರುವ ತಾಕುಗಳ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು. ಅದೇ ತಾಕುಗಳಿಗೆ ಮರಳಿ ಹೋಗಿ ನೋಡಿದ್ದರಿಂದ, ಮತ್ತು ಸೋಲಿಗರ ಮಾತನ್ನು ಪರೀಕ್ಷಿಸಬಹುದಾದ ವಿವರಣೆಯಾಗಿ ತೆಗೆದುಕೊಂಡದ್ದರಿಂದ ಆ ಕೆಲಸಕ್ಕೆ ಬೆಲೆ ಬಂತು. ನಡುವೆ ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೆ ನಿರ್ಬಂಧ ಬಂದು ಅವರ ಆದಾಯ ಕುಸಿಯಿತು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಕಾಡಿನ ಮಾಪನದ ಜೊತೆ ಜೊತೆಗೇ ಮನೆಯ ಆದಾಯ, ಊಟ, ಆರೋಗ್ಯದ ಮಾಪನವೂ ಅಷ್ಟೇ ನಿಯಮಿತವಾಗಿ ನಡೆದಿದ್ದರೆ, ಯಾವ ತೀರ್ಮಾನ ಕಾಡಿಗೂ ಜನರಿಗೂ ಏನು ಮಾಡಿತೆಂದು ಇಂದು ಕೂತು ಓದಬಹುದಾಗಿತ್ತು.

ಜನತಾ ಜೀವವೈವಿಧ್ಯ ದಾಖಲಾತಿಗಳ ಬಗ್ಗೆ ನೇರವಾಗಿ ಹೇಳುತ್ತೇನೆ. 2020ರ ಜನವರಿಯೊಳಗೆ ಮುಗಿಸದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕಾಗುತ್ತದೆ ಎಂಬ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಎಚ್ಚರಿಕೆಯಡಿ ದೇಶದಾದ್ಯಂತ ಅವು ಅವಸರದಲ್ಲಿ ತಯಾರಾದವು. ನಾನು ನೋಡಿದ ಕೆಲವು ದಾಖಲಾತಿಗಳಲ್ಲಿ ಪಕ್ಕಪಕ್ಕದ ಪಂಚಾಯಿತಿಗಳ ಹಕ್ಕಿಪಟ್ಟಿ ಅಕ್ಷರ ತಪ್ಪುಗಳ ಸಮೇತ ಒಂದೇ ಆಗಿತ್ತು. ಬರೆದವರನ್ನು ದೂರುವುದರಿಂದ ಉಪಯೋಗವಿಲ್ಲ. ಗಡುವು ಕೊಟ್ಟು ಪಟ್ಟಿ ಕೇಳಿದರೆ ಪಟ್ಟಿಯೇ ಬರುತ್ತದೆ. ಅವನ್ನು ಪರಿಷ್ಕರಿಸುವಾಗ ಪ್ರತಿ ಹೆಸರಿನ ಎದುರು ಅದನ್ನು ಯಾರು, ಯಾವ ತಿಂಗಳು, ಯಾತಕ್ಕೆ ಬಳಸುತ್ತಾರೆ, ಕಳೆದ ಕೆಲವು ವರ್ಷಗಳಲ್ಲಿ ಸಿಗುವುದು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ, ಅದರಿಂದ ತೊಂದರೆಯಾದವರು ಯಾರು ಎಂಬ ಅಂಕಣಗಳು ಬರಲಿ. ತುಂಬುವ ತಂಡದಲ್ಲಿ ಕಳೆ ಕೀಳುವವರು, ದರಕು ಹೊರುವವರು, ಮೀನು ಹಿಡಿಯುವವರು, ಆಶಾ ಕಾರ್ಯಕರ್ತೆಯರು ಇರಲಿ, ಮತ್ತು ಅವರ ಆ ದಿನದ ಕೂಲಿಯನ್ನು ಕೊಡಲಿ.

ನನ್ನ ಕೋರಿಕೆಗಳು ದೊಡ್ಡವಲ್ಲ. ನಾಲ್ಕೂ ಕಚೇರಿಗಳು ಸೇರಿ ಒಂದು ಜಂಟಿ ಸಂಶೋಧನಾ ನಿಧಿಯನ್ನು ಕನಿಷ್ಠ 10 ವರ್ಷಕ್ಕೆ ಸ್ಥಾಪಿಸಲಿ. ಮೂರು ವರ್ಷಕ್ಕೆ ಮುಗಿಯುವ ಯೋಜನೆಯಲ್ಲಿ ಒಂದು ಮರದ ನೆರಳೂ ಬದಲಾಗುವುದಿಲ್ಲ. ಅದರ ಮೊದಲ ಕಾರ್ಯಕ್ಷೇತ್ರ ಸಾಗರ, ಹೊಸನಗರ, ಸಿದ್ದಾಪುರ ತಾಲ್ಲೂಕುಗಳ ಸೊಪ್ಪಿನ ಬೆಟ್ಟ ಮತ್ತು ಕಾಡಂಚು ಆಗಲಿ. ಸಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಶಿವಮೊಗ್ಗದ ವೈರಾಣು ಪ್ರಯೋಗಾಲಯ ಇವೆಲ್ಲ ಒಂದು ದಿನದ ಪ್ರಯಾಣದೊಳಗಿವೆ. ಹೊಸ ಕಟ್ಟಡ ಕಟ್ಟುವ ಅಗತ್ಯವಿಲ್ಲ. ಮಂಗಗಳ ಸಾವು, ಮನುಷ್ಯರ ಪ್ರಕರಣಗಳು, ಜಾನುವಾರು ಗಣತಿ, ಅರಣ್ಯದ ಬಗೆಯ ನಕ್ಷೆ, ಇವುಗಳನ್ನು ರೋಗಿಗಳ ಗುರುತು ಬಿಟ್ಟುಕೊಡದಂತೆ ಗ್ರಾಮವಾರು ಒಂದೇ ಕಡೆ ಸೇರಿಸಿ ಸಂಶೋಧಕರಿಗೆ ತೆರೆದಿಡಲಿ. ತಾಲ್ಲೂಕು ಕೇಂದ್ರದ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಕಾಡಿನಲ್ಲಿ ಕೆಲಸ ಮಾಡಲು ಕಾಲಮಿತಿಯೊಳಗೆ ಅನುಮತಿ ಸಿಗಲಿ. ಸಂಶೋಧನೆಯ ಫಲಿತಾಂಶ, ಅದು ನಿರೀಕ್ಷೆಗೆ ವಿರುದ್ಧವಾಗಿದ್ದರೂ ಸರಿಯೇ, ಮೊದಲು ಆ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಮಂಡನೆಯಾಗಲಿ.

ಜೀವವೈವಿಧ್ಯ ಮತ್ತು ಮಾನವ ಕ್ಷೇಮದ ನಂಟಿನ ಬಗ್ಗೆ ಜಗತ್ತಿನ ಮಟ್ಟದಲ್ಲಿ 2005ರ ಸಹಸ್ರಮಾನ ಪರಿಸರ ಮೌಲ್ಯಮಾಪನದಿಂದ ಹಿಡಿದು ಇಂದಿನವರೆಗೂ ದೊಡ್ಡ ವರದಿಗಳು ಬಂದಿವೆ. ಅವು ಬೇಕು. ಆದರೆ ಆ ವರದಿಗಳು ಅರಳಗೋಡಿನ ದರಕಿನ ಬಗ್ಗೆ ಏನನ್ನೂ ಹೇಳಲಾರವು. ಆ ಕೆಲಸ ನಮ್ಮದೇ.

ಮಂಗನ ಕಾಯಿಲೆಯ ಋತು ಸಾಮಾನ್ಯವಾಗಿ ನವೆಂಬರ್–ಡಿಸೆಂಬರ್‌ನಲ್ಲಿ ಶುರುವಾಗುತ್ತದೆ. ಅದಕ್ಕೆ ಮೊದಲು ನಾಲ್ಕೂ ಕಚೇರಿಗಳ ಅಧಿಕಾರಿಗಳು ಒಮ್ಮೆ ಸಾಗರದಲ್ಲಿ ಸಭೆ ಸೇರಿ, ಮೊದಲ ಹಂತದ ಸಂಶೋಧನಾ ಪ್ರಶ್ನೆಗಳ ಕರಡನ್ನು ಪ್ರಕಟಿಸಿ, ಪಂಚಾಯಿತಿಗಳಿಂದ ಆಕ್ಷೇಪ ಮತ್ತು ಸಲಹೆಗಳನ್ನು ಕರೆಯಬೇಕೆಂದು ವಿನಂತಿಸುತ್ತೇನೆ. ಈ ಪತ್ರಕ್ಕೆ ಉತ್ತರವನ್ನು ನನ್ನ ವಿಳಾಸಕ್ಕೆ ಕಳುಹಿಸುವ ಅಗತ್ಯವಿಲ್ಲ; ಎಲ್ಲರೂ ಓದುವಂತೆ ಮಂಡಳಿಯ ಜಾಲತಾಣದಲ್ಲಿ ಹಾಕಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ